ಫರಸಿ ಓಣಿಯ ಸಪ್ಪಳ

ನಮ್ಮ ಊರಿನಲ್ಲಿ ವರ್ಷಕ್ಕೊಮ್ಮೆ, ಹತ್ತಿ ಬಿಡಿಸುವ ಕಾಲ ಮುಗಿದ ಮೇಲಿನ ಮೊದಲ ಸೋಮವಾರ, ಬೆಳಿಗ್ಗೆ ಹತ್ತೂವರೆಗೆ ಫರಸಿ ಓಣಿಯಲ್ಲಿ ಸಪ್ಪಳ ಬರುತ್ತದೆ. ಮುಚ್ಚಿಹೋದ ಹತ್ತಿ ಜಿನ್ನಿಂಗ್ ಕಾರ್ಖಾನೆಯ ಗೇಟಿನಿಂದ ಹೊರಟು, ಕಲ್ಲು ಹಾಸಿದ ಓಣಿಯುದ್ದಕ್ಕೂ ಸಾಗಿ, ಹಳೆಯ ಕಚೇರಿಯ ಮೆಟ್ಟಿಲ ಹತ್ತಿರ ನಿಂತುಬಿಡುತ್ತದೆ. ನಡೆಯುವವರು ಯಾರೂ ಕಾಣುವುದಿಲ್ಲ. ನೂರಾರು ಕಾಲುಗಳ ಸಪ್ಪಳ ಮಾತ್ರ, ಇಪ್ಪತ್ತೆರಡು ನಿಮಿಷ. ಆ ಹೊತ್ತಿಗೆ ಬಸ್ಸುಗಳು ಸ್ಟ್ಯಾಂಡ್ ಬಿಟ್ಟು ಹೊರಡುವುದಿಲ್ಲ. ಕಾಯಿಪಲ್ಲೆಯವರು ಬುಟ್ಟಿಗಳನ್ನು ಕಟ್ಟೆಯ ಮೇಲೆ ಏರಿಸಿಕೊಳ್ಳುತ್ತಾರೆ. ಯಾರಾದರೂ ಮರೆತು ನಡು ಓಣಿಯಲ್ಲಿ ಸ್ಕೂಟರ್ ನಿಲ್ಲಿಸಿದ್ದರೆ ಸಪ್ಪಳ ಅದನ್ನು ಸುತ್ತಿ ಎರಡಾಗಿ ಸೀಳಿ, ಆಚೆಗೆ ಮತ್ತೆ ಒಂದಾಗಿ ಮುಂದೆ ಹೋಗುತ್ತದೆ.

ಅದು ಎಂಬತ್ತೇಳು ವರ್ಷಗಳ ಹಿಂದಿನ ಮುಷ್ಕರದ ಸಪ್ಪಳ ಎಂದು ಎಲ್ಲರಿಗೂ ಗೊತ್ತು. ಶಾಲೆಯಲ್ಲಿ ನಾವು ಕಲಿತದ್ದು ಇಷ್ಟು: ಮುನ್ನೂರು ಮಂದಿ ಗಂಡಾಳುಗಳು ಗುರುಸಿದ್ದಪ್ಪನವರ ಮುಂದಾಳ್ತನದಲ್ಲಿ ಕಾರ್ಖಾನೆ ಬಿಟ್ಟು ಕಚೇರಿಗೆ ನಡೆದರು. ಹೆಣ್ಣಾಳುಗಳು ಮಾತ್ರ ಮಾಲೀಕರಿಗೆ ಹೆದರಿ ಒಳಗೇ ಉಳಿದು ಹತ್ತಿ ಆರಿಸುತ್ತ ಕುಳಿತರು. ಅದಕ್ಕಾಗಿಯೇ ಸಪ್ಪಳದ ದಿನ ಓಣಿಯ ಹೆಂಗಸರು ಬಾಗಿಲು ಹಾಕಿಕೊಂಡು ಒಳಗಿರಬೇಕು. ಸಪ್ಪಳ ನಿಲ್ಲುವ ತನಕ ಬೀಸುಕಲ್ಲು ತಿರುಗಿಸುತ್ತಿರಬೇಕು. ಅಂದು ಕೆಲಸ ಬಿಡದವರ ತಪ್ಪಿಗೆ ಇಂದು ಕೆಲಸ ಮಾಡುವುದು. ಈಗ ಬೀಸುಕಲ್ಲು ಯಾರ ಮನೆಯಲ್ಲೂ ಇಲ್ಲವಾದ್ದರಿಂದ ಎಲ್ಲರೂ ಮಿಕ್ಸರ್ ಹಚ್ಚುತ್ತಾರೆ. ವರ್ಷಕ್ಕೆ ಬೇಕಾಗುವ ಚಟ್ನಿಪುಡಿ ಆ ಒಂದೇ ದಿನ ಆಗಿಬಿಡುತ್ತದೆ. ನಾವು ಅದನ್ನು ತಪ್ಪು ಎಂದೂ ಅಂದುಕೊಂಡಿರಲಿಲ್ಲ, ಸರಿ ಎಂದೂ ಅಂದುಕೊಂಡಿರಲಿಲ್ಲ. ಶೇಂಗಾ ಹುರಿದಿಟ್ಟುಕೊಂಡು ಕಾಯುತ್ತಿದ್ದೆವು.

ನಾನು ಕಾಳಮ್ಮ ಪತ್ತಾರ. ಅಪ್ಪ ತೀರಿಕೊಂಡ ಮೇಲೆ ಫರಸಿ ಓಣಿಯ ನಡುವೆ ಇರುವ ಅವನ ಬೆಳ್ಳಿ ಅಂಗಡಿಯಲ್ಲಿ ನಾನೇ ಕೂತುಕೊಳ್ಳುತ್ತೇನೆ. ನನಗೆ ನಲವತ್ನಾಲ್ಕು ವಯಸ್ಸು, ಮದುವೆಯಾಗಿಲ್ಲ. ಆದರೆ ಈ ಊರಿನ ಅರ್ಧ ಹೆಂಗಸರ ಕಾಲಿಗೆ ಉಂಗುರ ತೊಡಿಸಿದವಳು ನಾನು. ಈ ವರ್ಷ ಸಪ್ಪಳಕ್ಕೆ ಎಂಟು ದಿನ ಇರುವಾಗ ಪುರಸಭೆ ಅಧ್ಯಕ್ಷ ರಾಚಪ್ಪನವರು ಒಂದು ದಪ್ಪ ತಾಮ್ರದ ತಗಡು ಹೊರಿಸಿಕೊಂಡು ನನ್ನ ಅಂಗಡಿಗೆ ಬಂದರು. ಮುಖ ಹೊಳೆಯುತ್ತಿತ್ತು.

"ಕಾಳಮ್ಮ, ಸರಕಾರ ನಮ್ಮ ಸಪ್ಪಳಕ್ಕ ಮಾನ್ಯತೆ ಕೊಡಾಕ ಹತ್ತೈತಿ. ಕಾರ್ಮಿಕ ಇಲಾಖೆಯವರು ಅವತ್ತು ತಾವ ಬಂದು ಕೇಳಿ, ಫಲಕ ಹಚ್ಚಿಸಿ, ಓಣಿನ ಸ್ಮಾರಕ ಅಂತ ಘೋಷಣಾ ಮಾಡ್ತಾರ. ಅಕ್ಷರ ಚೆಂದ ಕೆತ್ತಬೇಕು ನೋಡವ್ವ."

ಗುರುಸಿದ್ದಪ್ಪನವರು ರಾಚಪ್ಪನವರ ಅಜ್ಜ. ಬರೆದು ತಂದ ಹಾಳೆಯನ್ನು ಅವರು ಎರಡೂ ಕೈಯಿಂದ ಕೊಟ್ಟರು. ಅದರಲ್ಲಿ ಅಜ್ಜನ ಹೆಸರು ಎಲ್ಲಕ್ಕಿಂತ ಮೇಲಿತ್ತು. ಕೆಳಗೆ ಮುನ್ನೂರು ಸಹೋದರರ ತ್ಯಾಗದ ಮಾತು. ಕೊನೆಯ ಸಾಲಿನಲ್ಲಿ "ಹೆಣ್ಣಾಳುಗಳು ಕೆಲಸ ಬಿಡದಿದ್ದರೂ ಎದೆಗುಂದದೆ" ಎಂದಿತ್ತು.

ಆ ಕೊನೆಯ ಸಾಲೊಂದು ಉಳಿದಿದ್ದ ದಿನ, ಅಂದರೆ ಸಪ್ಪಳದ ಹಿಂದಿನ ದಿನ ಮಧ್ಯಾಹ್ನ, ಫಕೀರವ್ವಾಯಿ ಅಂಗಡಿಯ ಮೆಟ್ಟಿಲು ಹತ್ತಿದಳು. ಎಂಬತ್ತಾರು ವರ್ಷದ ಮುದುಕಿ, ಕಿವಿಯ ಹತ್ತಿರ ಕೂಗಿದರಷ್ಟೇ ಕೇಳುವುದು. ಅವಳ ತಾಯಿ ಸಂಕವ್ವ ಜಿನ್ನಿಂಗ್ ಕಾರ್ಖಾನೆಯಲ್ಲಿ ಹತ್ತಿ ಆರಿಸುತ್ತಿದ್ದವಳು. ಆ ಕೆಲಸದವರ ಮನೆಗಳಿಗೆಲ್ಲ ಊರಲ್ಲಿ "ಒಳಗಿನವರು" ಎಂದೇ ಹೆಸರು. ಬೇರೆ ಮನೆಗಳು ಕಾಲ ಕಳೆದಂತೆ ಬಾಯಿ ಮುಚ್ಚಿಕೊಂಡು ಆ ಹೆಸರನ್ನು ದಾಟಿಬಿಟ್ಟವು. ಫಕೀರವ್ವ ಮಾತ್ರ ಸಿಕ್ಕವರ ಹತ್ತಿರವೆಲ್ಲ ಜಗಳಕ್ಕೆ ನಿಲ್ಲುತ್ತಿದ್ದಳು. ಹಾಗಾಗಿ ಅವಳಿಗೆ ಅಂಟಿದ್ದು ಹೋಗಿರಲಿಲ್ಲ.

"ಓದು," ಅಂದಳು ತಗಡಿನ ಕಡೆ ಬೆರಳು ಮಾಡಿ.

ಅವಳ ಕಿವಿಗೆ ಬಾಗಿ ಓದಿದೆ. ಕೊನೆಯ ಸಾಲನ್ನು ಹಾಳೆಯಲ್ಲಿ ನೋಡಿ ಓದುವಾಗ ನನ್ನ ದನಿ ತಾನೇ ಇಳಿಯಿತು.

"ಅದನ್ನ ಕೆತ್ತಬ್ಯಾಡ."

"ಆಯಿ, ನಾ ಕೆತ್ತಲಿಲ್ಲಂದ್ರ ಇನ್ನೊಬ್ರು ಕೆತ್ತತಾರ."

"ಅವರು ಕೆತ್ತಲಿ. ನೀ ಕೆತ್ತಬ್ಯಾಡ." ಅವಳು ಅಲ್ಲೇ ಚಾಪೆಯ ಮೇಲೆ ಕುಳಿತಳು. "ನಮ್ಮವ್ವ ಸಾಯೂತನಕ ಒಂದ ಮಾತು ಹೇಳ್ತಿದ್ಲು. ಆರಿಸೂ ಕೋಣಿಗೆ ಹೊರಗಿಂದ ಚಿಲಕ ಹಾಕ್ತಿದ್ರಂತ. ಕೂಸುಗಳು ಗೇಟಿನ ಕಡೆ ಗಿಡದ ನೆರಳಿನ್ಯಾಗ ಅಳ್ತಿದ್ವು, ಇವರಿಗೆ ಒಳಗ ಎದಿ ಹಾಲು ಸೋರಿ ಕುಬಸ ತೊಯ್ತಿತ್ತು. ಬಿಡ್ರಿ, ಕುಡಿಸಿ ಬರ್ತೀವಿ ಅಂದ್ರ ಬಿಡ್ತಿರಲಿಲ್ಲ. ಒಂದಿನ ಹತ್ತಿ ಅಂಡಿಗಿ ಎಳಿಯೂ ಕೊಂಡಿ ತಗೊಂಡು ಚಿಲಕ ಮುರದ್ರು. ಕೂಸು ಎತ್ಕೊಂಡ್ರು, ನಡದ್ರು. ಗಂಡಸರು ನೋಡ್ಕೋತ ನಿಂತಿದ್ರಂತ."

"ಮತ್ತ ಗಂಡಸರ ಹೆಸರು ಹೆಂಗ ಬಂತು?"

"ಅರ್ಜಿ ಬರದವರು ಯಾರು? ಸಹಿ ಮಾಡಾಕ ಬರ್ತಿದ್ದುದು ಯಾರಿಗೆ?" ಎಂದು ನನ್ನನ್ನೇ ದುರುಗುಟ್ಟಿ ನೋಡಿದಳು. "ಹೆಂಡ್ತಿ ಮುಂದ ನಡದ್ಲು, ನಾ ಹಿಂದ ನಿಂತಿದ್ನಿ ಅಂತ ಯಾವ ಗಂಡಸು ಮನಿಯಾಗ ಹೇಳ್ಯಾನು?"

ನಿಜ ಹೇಳಬೇಕೆಂದರೆ ನಾನು ನಂಬಲಿಲ್ಲ. ಪ್ರತಿ ವರ್ಷ ಗಂಡಸರು ಓಣಿಯಲ್ಲಿ ನಿಂತು ಕೇಳಿ ಬರುತ್ತಾರೆ. ಗಂಡಸರ ಮೆಟ್ಟಿಗೆ ಹೊಡೆದ ಕಬ್ಬಿಣದ ಲಾಳದ ಸದ್ದು ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳುತ್ತಾರೆ. ಅವಳು ನನ್ನ ಮನಸ್ಸನ್ನು ಓದಿದಂತೆ ಮುಂದೆ ಬಾಗಿದಳು.

"ನಾಳೆ ಹೊರಗ ನಿಂತು ಕೇಳು. ಸಣ್ಣಾಕಿದ್ದಾಗಿಂದ ಲೋಹದ ನಾದ ಕೇಳಿ ಬೆಳದ ಕಿವಿ ನಿಂದು. ಆ ಸಪ್ಪಳ ನನಗ ಕೇಳಿಸೂದಿಲ್ಲ ಈಗ, ಕೇಳಿಸ್ತಿದ್ರ ನಾನ ನಿಲ್ತಿದ್ನಿ. ನೀ ಕೇಳಿ ಬಂದು, ಲಾಳದ್ದ ಸಪ್ಪಳ ಆಯಿ ಅಂದ್ರ ನಾ ಮುಗಿಸ್ತೀನಿ. ಇನ್ನ ಯಾರ ಕೂಡನೂ ಬಾಯಿ ಮಾಡೂದಿಲ್ಲ."

ಅವಳು ಹೋದ ಮೇಲೆ ಉಳಿ ಹಿಡಿದು ಕೂತರೂ ಕೈ ಓಡಲಿಲ್ಲ. ಕೊನೆಯ ಸಾಲು ಹಾಗೇ ಉಳಿಯಿತು.

ಮರುದಿನ ಓಣಿಗೆ ಓಣಿಯೇ ತೊಳೆದಿಟ್ಟಂತಿತ್ತು. ಕಚೇರಿಯ ಮುಂದೆ ಶಾಮಿಯಾನ, ಮೈಕು, ಗೋಡೆಗೆ ಒರಗಿಸಿಟ್ಟ ನನ್ನ ಅರೆಬರೆ ಫಲಕ. ಗಂಡಸರು ಎರಡೂ ಬದಿಯ ಕಟ್ಟೆಗಳ ಮೇಲೆ ಒತ್ತೊತ್ತಾಗಿ ನಿಂತಿದ್ದರು. ರಾಚಪ್ಪನವರು ಅಜ್ಜನ ನೆನಪಿಗೆಂದು ಲಾಳ ಹೊಡೆದ ಮೆಟ್ಟು ಮಾಡಿಸಿಕೊಂಡು ಬಂದಿದ್ದರು. ಹೆಜ್ಜೆ ಇಟ್ಟಲ್ಲೆಲ್ಲ ಟಕ್ ಟಕ್ ಎನ್ನುತ್ತಿತ್ತು. ಇಲಾಖೆಯಿಂದ ಬಂದ ಅಧಿಕಾರಿ ಒಬ್ಬ ಹೆಂಗಸು. ತಬಸ್ಸುಮ್ ಮೇಡಂ ಎಂದು ಹೆಸರು. ಇದು ಯಾರಿಗೂ ಮೊದಲೇ ಗೊತ್ತಿರಲಿಲ್ಲ. ಹೆಂಗಸರು ಒಳಗಿರಬೇಕೆಂದು ಅವರಿಗೆ ಹೇಳುವುದು ಹೇಗೆ ಎಂದು ಪುರಸಭೆಯವರು ಕಾಲುಗಂಟೆ ಗುಸುಗುಸು ಮಾಡಿ, ಕೊನೆಗೆ ಅಧಿಕಾರಿ ಎಂದರೆ ಹೆಂಗಸಲ್ಲ ಎಂದು ತೀರ್ಮಾನಿಸಿ ಕುರ್ಚಿ ಹಾಕಿಕೊಟ್ಟರು.

ಹತ್ತೂ ಇಪ್ಪತ್ತಕ್ಕೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಮಿಕ್ಸರ್‌ಗಳು ಶುರುವಾದವು. ನಾನು ಅಂಗಡಿಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, ಮೆಟ್ಟಿಲ ಮೇಲೆ ನಿಂತೆ.

"ಏ ತಂಗಿ, ಒಳಗ ನಡಿ!" ಎಂದು ಎದುರಿನ ಕಟ್ಟೆಯಿಂದ ಯಾರೋ ಕೂಗಿದರು. ರಾಚಪ್ಪನವರು ಟಕ್ ಟಕ್ ಎನ್ನುತ್ತ ಓಡಿಬಂದರು. "ಕಾಳಮ್ಮ, ಇವತ್ತೊಂದಿನ ಮರ್ಯಾದಿ ಕಳೀಬ್ಯಾಡವ್ವ. ಮೇಡಂ ಮುಂದ..."

"ಮೇಡಂ ಹೊರಗ ಕುಂತಾರಲ್ರೀ ರಾಚಪ್ಪಣ್ಣ."

"ಅವರು ಅಧಿಕಾರಿ!"

"ನಾ ಫಲಕ ಕೆತ್ತಿದಾಕಿ. ಕೆತ್ತಿದ್ದು ಖರೇನೋ ಸುಳ್ಳೋ ಕೇಳಾಕ ನಿಂತೀನಿ."

ಅವರು ಉತ್ತರ ಕೊಡುವ ಮೊದಲೇ ಗೇಟಿನ ಕಡೆಯಿಂದ ಸಪ್ಪಳ ಎದ್ದಿತು. ಎಲ್ಲರೂ ತಲೆ ಬಗ್ಗಿಸಿದರು. ಅವರೂ ನಿಂತಲ್ಲೇ ನಿಂತರು.

ಬಾಗಿಲ ಹಿಂದಿನಿಂದ ನಾನು ನಲವತ್ತು ವರ್ಷ ಕೇಳಿದ್ದ ಸಪ್ಪಳ ಬರೀ ಗುಡುಗು. ಎದುರಿಗೆ ನಿಂತರೆ ಅದು ಹಾಗಿರಲಿಲ್ಲ. ಮೊದಲು ಬರಿಗಾಲುಗಳು, ಮಳೆ ಹನಿ ದೊಡ್ಡದಾಗುವಂತೆ. ಅವುಗಳ ಜೊತೆಯಲ್ಲಿ ಕಲ್ಲಿಗೆ ಲೋಹ ತಗಲುವ ಸದ್ದು. ಅದೇ, ಎಲ್ಲರೂ ಲಾಳ ಎನ್ನುವುದು. ನಾನು ಕಣ್ಣು ಮುಚ್ಚಿದೆ. ಮಿಕ್ಸರ್‌ಗಳ ಗರಗರದ ನಡುವೆ ಅದನ್ನು ಹಿಡಿಯಲು ನೋಡಿದೆ. ಒಂದು ಹತ್ತಿರ ಬಂತು, ನನ್ನ ಮೆಟ್ಟಿಲ ಪಕ್ಕದಲ್ಲೇ ದಾಟಿತು. ಕಿಣ್. ಕಿಣ್. ಕಬ್ಬಿಣ ಕಲ್ಲಿಗೆ ಬಡಿದರೆ ಸದ್ದು ಅಲ್ಲೇ ಸಾಯುತ್ತದೆ. ಇದು ಸಾಯುತ್ತಿರಲಿಲ್ಲ, ಕೂದಲೆಳೆಯಷ್ಟು ಹೊತ್ತು ಉಲಿಯುತ್ತಿತ್ತು. ಕಂಚು ಹಾಗೆ ಉಲಿಯುತ್ತದೆ. ಬೆಳ್ಳಿ ಕೊಳ್ಳಲಾರದ ಮನೆಗಳ ಹೆಂಗಸರಿಗೆ ನನ್ನ ಮುತ್ತಜ್ಜ ಕಂಚಿನ ಕಾಲುಂಗುರ ಎರಕ ಹೊಯ್ಯುತ್ತಿದ್ದ.

"ಕಾಲುಂಗುರ!" ನಾನು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. "ಇವು ಕಾಲುಂಗುರ! ಲಾಳ ಅಲ್ಲ!"

ಓಣಿಯೆಲ್ಲ ನನ್ನ ಕಡೆ ತಿರುಗಿತು. ಯಾರೋ ನಕ್ಕರು, ಯಾರೋ ಬೈದರು. ತಬಸ್ಸುಮ್ ಮೇಡಂ ಕುರ್ಚಿ ಬಿಟ್ಟು ಎದ್ದು ಬಂದರು.

"ಏನು ಹೇಳ್ತಾ ಇದ್ದೀರಿ? ಖಚಿತವಾಗಿ ಗೊತ್ತಾ ನಿಮಗೆ?"

"ಗೊತ್ರೀ ಮೇಡಂ. ಇನ್ನೂ ಹೊತ್ತೈತಿ, ತೋರಸ್ತೀನಿ. ರಾಚಪ್ಪಣ್ಣ, ನಿಮ್ಮ ಮೆಟ್ಟಿಗೆ ಲಾಳ ಐತಲ್ಲ? ಸಪ್ಪಳದಾಗ ಇಳದು ಹತ್ತು ಹೆಜ್ಜಿ ನಡೀರಿ."

ಸಪ್ಪಳದೊಳಗೆ ಇದುವರೆಗೆ ಯಾರೂ ಇಳಿದಿರಲಿಲ್ಲ. ರಾಚಪ್ಪನವರ ಮುಖ ಕೆಂಪಾಯಿತು. ಆದರೆ ಅಜ್ಜನ ಮೇಲೆ ಅವರಿಗೆ ಅಷ್ಟು ಭರವಸೆ. ಪಂಚೆ ಎತ್ತಿಕಟ್ಟಿ ಇಳಿದರು. ಟಕ್. ಟಕ್. ಟಕ್. ಕಿಣಿಕಿಣಿಯ ನಡುವೆ ಅವರ ಹೆಜ್ಜೆಗಳು ಬೇರೆಯಾಗಿ, ಒಂಟಿಯಾಗಿ ಕೇಳಿದವು. ಐದನೆಯ ಹೆಜ್ಜೆಗೇ ಅವರು ನಿಂತುಬಿಟ್ಟರು.

ನಾನು ಅಂಗಡಿಯ ಬೀಗ ತೆಗೆದು ಒಳಗೆ ನುಗ್ಗಿ, ಮುತ್ತಜ್ಜನ ಕಾಲದ ತಗಡಿನ ಡಬ್ಬಿ ಕಿತ್ತುಕೊಂಡು ಬಂದೆ. ಯಾರೂ ಕೊಳ್ಳದೆ ಹಸಿರುಗಟ್ಟಿದ ಕಂಚಿನ ಉಂಗುರಗಳು. ಎರಡೂ ಕಾಲಿಗೆ ತೊಟ್ಟೆ. "ಮದಿವಿ ಆಗದಾಕಿ ಕಾಲುಂಗುರ ಹಾಕ್ಕೊಂಡ್ಲಲ್ಲೋ!" ಎಂದು ಒಬ್ಬ ಉದ್ಗರಿಸಿದ. ನಾನು ಕಲ್ಲಿನ ಮೇಲೆ ಇಳಿದು ನಡೆದೆ. ಕಿಣ್, ಕಿಣ್, ಕಿಣ್. ಹತ್ತು ಹೆಜ್ಜೆಗೆ ನನ್ನದು ಯಾವುದು, ಎಂಬತ್ತೇಳು ವರ್ಷದ ಹಿಂದಿನದು ಯಾವುದು ಎಂದು ತಿಳಿಯದಂತೆ ಬೆರೆತುಹೋಯಿತು. ನನ್ನ ಎಡಕ್ಕೆ ಒಬ್ಬಳು, ಬಲಕ್ಕೆ ಒಬ್ಬಳು. ಮುಂದೆ ನೂರು ಜನ, ಹಿಂದೆ ನೂರು ಜನ. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

"ಅಕ್ಕನ್ನಾರ, ಹೊರಗ ಬರ್ರಿ!" ಎಂದು ಮುಚ್ಚಿದ ಬಾಗಿಲುಗಳಿಗೆ ಕೂಗಿದೆ. "ನಡದವರು ನಮ್ಮವರ! ಮಿಕ್ಸರ್ ಬಂದ್ ಮಾಡ್ರಿ!"

ಒಂದು ಮಿಕ್ಸರ್ ನಿಂತಿತು. ಆಮೇಲೆ ಎದುರು ಮನೆಯದು. ಆಮೇಲೆ ಓಣಿಯುದ್ದಕ್ಕೂ ಪಟಪಟ ನಿಂತವು. ಆ ನಿಶ್ಶಬ್ದದಲ್ಲಿ ಸಪ್ಪಳ ಎಷ್ಟು ಸ್ಪಷ್ಟವಾಯಿತೆಂದರೆ ನಗುತ್ತಿದ್ದ ಗಂಡಸರು ಬಾಯಿ ಮುಚ್ಚಿದರು. ಬಾಗಿಲುಗಳು ತೆರೆದವು. ಮೊದಲು ಬಂದವಳು ದರ್ಜಿಯವರ ಸೊಸೆ, ಕೈಗೆಲ್ಲ ಖಾರ ಮೆತ್ತಿತ್ತು. ಡಬ್ಬಿಯಿಂದ ಒಂದು ಜೊತೆ ಉಂಗುರ ಎತ್ತಿಕೊಂಡು ಸಪ್ಪಳಕ್ಕೆ ಇಳಿದಳು. ಅವಳ ಹಿಂದೆ ಇಬ್ಬರು, ಅವರ ಹಿಂದೆ ಹತ್ತು ಜನ. ಡಬ್ಬಿ ಖಾಲಿಯಾದ ಮೇಲೆ ಬಂದವರು ತಮ್ಮ ಬೆಳ್ಳಿಯಲ್ಲೇ ನಡೆದರು. ತಬಸ್ಸುಮ್ ಮೇಡಂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಪಕ್ಕಕ್ಕೇ ನಡೆಯುತ್ತ, ಬರೆದುಕೊಳ್ಳುವುದನ್ನು ಮರೆತಿದ್ದರು.

ನಾನು ಫಕೀರವ್ವಾಯಿಯನ್ನು ಹುಡುಕಿದೆ. ಅವಳು ಎಲ್ಲರೊಂದಿಗೆ ಮುಂದೆ ಹೋಗದೆ ಹಿಂದೆ, ಗೇಟಿನ ಕಡೆ ಮುಖ ಮಾಡಿ ನಿಂತಿದ್ದಳು. ಓಡಿಹೋಗಿ ಅವಳ ಕಿವಿಯ ಹತ್ತಿರ ಬಾಗಿ ಕೂಗಿದೆ.

"ಆಯಿ, ಕಾಲುಂಗುರದ್ದು! ಕಾಲುಂಗುರದ್ದು ಸಪ್ಪಳ!"

"ಗೊತ್ತೈತಿ," ಅಂದಳು. "ನಮ್ಮವ್ವ ಬಂದ್ಲೇನ ನೋಡು. ಆಕಿ ಹಿಂದ ಬರ್ತಾಳ. ನಾ ಹೊಟ್ಟ್ಯಾಗಿದ್ನಿ, ಒಂಬತ್ತು ತಿಂಗಳಾಗಿತ್ತು. ಜೋರ ನಡಿಯಾಕ ಆಗ್ತಿರಲಿಲ್ಲಂತ."

ಗುಂಪಿನ ಸಪ್ಪಳ ದಾಟಿತು. ಸ್ವಲ್ಪ ಬಿಡುವು. ಆಮೇಲೆ ಒಬ್ಬಳೇ ಒಬ್ಬಳ ಹೆಜ್ಜೆ ಬಂತು. ನಿಧಾನ, ಭಾರ. ನಾಲ್ಕು ಹೆಜ್ಜೆ, ಒಂದು ನಿಲುಗಡೆ. ಮತ್ತೆ ನಾಲ್ಕು. ನಿಂತಾಗ ಕಾಲು ಬದಲಿಸಿ ಭಾರ ಹಾಕುವ ಸಣ್ಣ ಸವರಾಟ. ಕಿವಿ ಕೇಳದ ಮುದುಕಿಗೆ ಹೇಗೆ ಗೊತ್ತಾಯಿತೋ ಕಾಣೆ. ಅವಳು ಬಗ್ಗಿ ಅಂಗೈಯನ್ನು ಕಲ್ಲಿಗೆ ಊರಿದಳು. ಹೆಜ್ಜೆ ಅವಳ ಕೈಯ ಪಕ್ಕದಲ್ಲೇ ಬಿತ್ತು.

"ಯವ್ವಾ," ಅಂದಳು.

ನಾನು ಅವಳನ್ನು ಎಬ್ಬಿಸಿದೆ. ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತ, ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತ ಅವಳು ಕಚೇರಿಯ ಕಡೆ ಸಾಗಿದಳು. ಕಟ್ಟೆಗಳ ಮೇಲಿನ ಗಂಡಸರು ಒಬ್ಬೊಬ್ಬರೇ ಟೋಪಿ ರುಮಾಲು ತೆಗೆದರು.

ಆಗ ಎಲ್ಲರಿಗಿಂತ ಹಿಂದೆ, ಗಟ್ಟಿಯಾಗಿ, ಬೇರೊಂದು ಸದ್ದು ಬಂತು. ಟಕ್ ಟಕ್ ಟಕ್. ನಿಜವಾದ ಲಾಳಗಳು. ಹತ್ತೋ ಹನ್ನೆರಡೋ ಜನರವು, ಹೆಚ್ಚಿಲ್ಲ. ಸಪ್ಪಳದ ಕೊನೆಯ ಈ ಜೋರಾದ ತುಂಡೇ ಎಲ್ಲರ ತಲೆಯಲ್ಲಿ ಉಳಿದುಹೋಗಿತ್ತು. ಓಣಿಯ ನಡುವೆ ನಿಂತೇ ಇದ್ದ ರಾಚಪ್ಪನವರು ತಲೆ ಎತ್ತಿದರು. ಅವರ ಮುಖ ನೋಡಲಾಗುತ್ತಿರಲಿಲ್ಲ. ಲಾಳಗಳು ಅವರನ್ನು ದಾಟುವಾಗ ಒಂದರ ಜೊತೆ ಹೆಜ್ಜೆ ಸೇರಿಸಿ ಅವರೂ ನಡೆದರು.

"ಬಂದಿದ್ದ," ಎಂದರು ನನ್ನ ಹತ್ತಿರ ಬಂದಾಗ. "ಹಿಂದಾದ್ರೂ ಬಂದಿದ್ದ ನಮ್ಮಜ್ಜ. ಹೌದಿಲ್ಲೋ ಕಾಳಮ್ಮ?"

"ಹೌದ್ರೀ ಅಣ್ಣ. ಬಂದಿದ್ರು."

ಸಪ್ಪಳ ಕಚೇರಿ ಮೆಟ್ಟಿಲ ಹತ್ತಿರ ನಿಂತಿತು. ನಾವೂ ನಿಂತೆವು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಆ ಗದ್ದಲದಲ್ಲಿ ತಬಸ್ಸುಮ್ ಮೇಡಂ ಮೈಕು ಹಿಡಿದರು.

"ನಾನು ಕೇಳಿದ್ದನ್ನ ಕೇಳಿದೆ ಅಂತಲೇ ಬರೀತೀನಿ. ಈ ಫಲಕವನ್ನು ಇಲಾಖೆ ಒಪ್ಪೋದಿಲ್ಲ. ಮೊದಲು ಮುಷ್ಕರ ಮಾಡಿದವರು ಹತ್ತಿ ಆರಿಸುವ ಹೆಂಗಸರು. ಅವರ ಹೆಸರುಗಳು ಬೇಕು. ನಾನು ಐದೂವರೆ ಬಸ್ಸಿಗೆ ಹೋಗಬೇಕು. ಅಷ್ಟರಲ್ಲಿ ಹೆಸರು ಕೆತ್ತಿದ ಫಲಕ ಗೋಡೆ ಮೇಲಿದ್ದರೆ ಇವತ್ತೇ ಘೋಷಣೆ ಮಾಡಿ ಹೋಗ್ತೀನಿ."

ರಾಚಪ್ಪನವರೇ ತಗಡನ್ನು ತಂದು ಶಾಮಿಯಾನದ ಕೆಳಗೆ ಬೋರಲು ಹಾಕಿದರು. ಹಿಂಬದಿ ಖಾಲಿ, ನುಣುಪು. ನಾನು ಉಳಿ ಸುತ್ತಿಗೆ ತರಿಸಿಕೊಂಡು ಕುಳಿತೆ. ಮೊದಲ ಹೆಸರು ಸಂಕವ್ವ. ಫಕೀರವ್ವಾಯಿ ಪಕ್ಕದಲ್ಲಿ ಕೂತು ಪ್ರತಿ ಅಕ್ಷರಕ್ಕೂ ತಲೆಯಾಡಿಸಿದಳು, ಅವಳಿಗೆ ಓದಲು ಬರದಿದ್ದರೂ. ಆಮೇಲೆ ಆದದ್ದನ್ನು ನಾನು ಊಹಿಸಿರಲಿಲ್ಲ. ಹೆಸರು ಸಿಗುವುದೇ ಕಷ್ಟ ಎಂದುಕೊಂಡಿದ್ದೆ. ಹೆಂಗಸರು ಸಾಲುಗಟ್ಟಿದರು. "ನಮ್ಮತ್ತಿಯವರ ಅವ್ವ, ಯಲ್ಲವ್ವ." "ನಮ್ಮಾಯಿ, ಹುಸೇನಬಿ." "ನಮ್ಮ ಅಜ್ಜನ ಅಕ್ಕ, ಆಕಿಗೆ ತಿರಕವ್ವ ಅಂತಿದ್ರು." ಎಲ್ಲರಿಗೂ ಗೊತ್ತಿತ್ತು. ಬೀಸುಕಲ್ಲಿನ ಮುಂದೆ, ಆಮೇಲೆ ಮಿಕ್ಸರ್ ಮುಂದೆ, ಮುಚ್ಚಿದ ಬಾಗಿಲ ಹಿಂದೆ, ತಾಯಂದಿರು ಮಕ್ಕಳ ಕಿವಿಯಲ್ಲಿ ಹೇಳಿಯೇ ಇದ್ದರು. ಪಕ್ಕದ ಮನೆಯಲ್ಲೂ ಇದೇ ಮಾತು ನಡೆಯುತ್ತಿದೆ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮೂರೂವರೆಗೆ ತಾಮ್ರ ತುಂಬಿಹೋಯಿತು. ಅಂಚಿನಲ್ಲಿ ಒಂದು ಅಕ್ಷರಕ್ಕೂ ಜಾಗ ಉಳಿಯಲಿಲ್ಲ. ಸಾಲು ಮಾತ್ರ ಅರ್ಧವೂ ಕರಗಿರಲಿಲ್ಲ. ಮೇಡಂ ಗಡಿಯಾರ ನೋಡಿಕೊಂಡರು. ನಾನು ಸುತ್ತಿಗೆ ಕೆಳಗಿಟ್ಟೆ. ಕೈ ಬಾತುಕೊಂಡಿತ್ತು. ಇನ್ನೊಂದು ತಗಡು ಬೇಕೆಂದರೆ ಜಿಲ್ಲೆಗೆ ಹೋಗಬೇಕು.

ಆಗ ಗುಂಪು ಸರಿದು ದಾರಿ ಬಿಟ್ಟಿತು. ರಾಚಪ್ಪನವರ ಹೆಂಡತಿ ನಾಗರತ್ನಕ್ಕ ಬಂದರು. ಅವರ ಹಿಂದೆ ಇಬ್ಬರು ಹೆಂಗಸರು ಏದುಸಿರು ಬಿಡುತ್ತ ಒಂದು ದೊಡ್ಡ ತಾಮ್ರದ ಹಂಡೆಯನ್ನು ಹೊತ್ತು ತಂದು ಧಡ್ ಎಂದು ಇಳಿಸಿದರು. ನೀರು ಕಾಯಿಸುವ ಹಂಡೆ, ಹುಣಸೆಹಣ್ಣು ಹಚ್ಚಿ ಆಗತಾನೇ ತಿಕ್ಕಿದ್ದರು.

"ಕೊರಿ ಇದನ್ನ," ಅಂದರು ನಾಗರತ್ನಕ್ಕ. "ನನ್ನ ತವರಿನ ಹಂಡೆ ಇದು. ಕತ್ತರಸಿ ಬಡದು ಹಾಸು. ಮೂರು ಫಲಕ ಆಗ್ತಾವು."

"ಏ, ಹಂಡೆ ಯಾಕ?" ರಾಚಪ್ಪನವರು ಬೆರಗಾಗಿ ಕೇಳಿದರು.

"ನಮ್ಮಜ್ಜಿ ಹೆಸರು ಎಲ್ಲಿ ಬರೀಲಿ ಮತ್ತ? ಸಾಲಿನ್ಯಾಗ ನನ್ನ ಪಾಳಿ ಬರೂದ್ರಾಗ ತಗಡು ಮುಗೀತು."

"ನಿಮ್ಮಜ್ಜಿ ನಡದಿದ್ಲಾ?" ಅವರ ದನಿ ಏರಿತು. "ಮೂವತ್ತೆರಡು ವರ್ಷ ಸಂಸಾರ ಮಾಡೀವಿ. ಒಂದಿನಾರ ಹೇಳಬಾರದಾ ನನಗ?"

ನಾಗರತ್ನಕ್ಕ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡರು. "ಪ್ರತಿ ವರ್ಷ ನಿಮ್ಮಜ್ಜನ ಕತಿ ಹೇಳ್ತಿದ್ರಿ. ನಮ್ಮಜ್ಜಿ ಏನ್ ಮಾಡ್ತಿದ್ಲು ಅಂತ ನೀವು ಕೇಳಲಿಲ್ರೀ."

ರಾಚಪ್ಪನವರು ಹಂಡೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆಮೇಲೆ ಅಂಗಿಯ ತೋಳು ಮಡಚಿ, ಅಂಗಡಿಯಿಂದ ನಾನು ತರಿಸಿದ ಕುಲುಮೆಯ ದೊಡ್ಡ ಕತ್ತರಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಹಂಡೆಯ ಬಾಯಿಗೆ ಹಚ್ಚಿ ಬಲವಾಗಿ ಅದುಮಿದರು. ತಾಮ್ರ ಕರ್ರನೆ ಸೀಳಿತು. ಹೆಂಗಸರು ಸುತ್ತಿಗೆ, ಒನಕೆ, ಕೈಗೆ ಸಿಕ್ಕಿದ್ದು ಹಿಡಿದು ಅದನ್ನು ಕಲ್ಲಿನ ಮೇಲೆ ಹಾಸಿ ಬಡಿಯತೊಡಗಿದರು. ಆ ಸದ್ದಿಗೆ ಮೇಡಂ ಕಿವಿ ಮುಚ್ಚಿಕೊಂಡು, ಐದೂವರೆಯ ಬಸ್ಸಿಗೆ ಇನ್ನೊಂದು ಗಂಟೆ ತಡವಾಗಿ ಹೊರಡಲು ಹೇಳಿ ಎಂದು ಸ್ಟ್ಯಾಂಡಿಗೆ ಯಾರನ್ನೋ ಓಡಿಸಿದರು.

ಮೊದಲ ತುಂಡು ಸಮವಾಯಿತು. ಬಡಿತಕ್ಕೆ ಇನ್ನೂ ಬಿಸಿಯಿತ್ತು. ನಾನು ಉಳಿ ಎತ್ತಿಕೊಂಡು ನಾಗರತ್ನಕ್ಕನ ಕಡೆ ನೋಡಿದೆ.

"ಹೆಸರು ಹೇಳ್ರೀ ಅಕ್ಕ."

ಅವರು ಉಸಿರು ಎಳೆದುಕೊಂಡು, ಓಣಿಯ ಆ ತುದಿಗೂ ಕೇಳುವಂತೆ ಕೂಗಿ ಹೇಳಿದರು.

"ಸಾಂತವ್ವ!"